ಕೊಕ್ಕೆಯ ಹಿಡಿಗೆ ಬಟ್ಟೆ ಸುತ್ತಿದವಳು

ನಮ್ಮ ಕಡೆ ನನ್ನನ್ನು ದೊಡ್ಡ ಮನಸ್ಸಿನ ಶರಣಮ್ಮ ಎನ್ನುತ್ತಾರೆ. ಗಂಡನನ್ನು ಕೊಂದವನಿಗೆ ಜೀವಾವಧಿ ತಪ್ಪಿಸಿದ ಹೆಂಗಸು ಅಂತ. ನಾನು ಕೆಲಸ ಮಾಡುವ ಅಂಗನವಾಡಿಗೆ ಬರುವ ತಾಯಂದಿರು ಹೊಸದಾಗಿ ಬಂದವರಿಗೆ ನನ್ನನ್ನು ತೋರಿಸಿ ಪಿಸುಗುಟ್ಟುತ್ತಾರೆ. ನಾನು ಬೇಳೆ ಅಳೆಯುತ್ತಾ ಕೇಳಿಸಲೇ ಇಲ್ಲವೆಂಬಂತೆ ಇರುತ್ತೇನೆ. ಇಷ್ಟು ವರ್ಷ ಆ ಹೆಸರನ್ನು ಪುಕ್ಕಟೆ ಹೊದ್ದುಕೊಂಡು ತಿರುಗಿದೆ. ಕಳೆದ ತಿಂಗಳು ಗಂಗಾವತಿಗೆ ಹೋಗಿ ಬಂದ ಮೇಲೆ ಅದು ಮೈಮೇಲೆ ನಿಲ್ಲುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತರಬೇತಿಗೆಂದು ಕುಷ್ಟಗಿ ಕಡೆಯಿಂದ ಬೆಳಗಿನ ಬಸ್ಸಿಗೆ ಹೋಗಿದ್ದೆ. ಗಂಗಾವತಿಯಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಭತ್ತ ಬೇಯುವ ವಾಸನೆ ಬಂತು. ಸುಗ್ಗಿ ಮುಗಿದು ರೈಸ್ ಮಿಲ್ಲುಗಳು ಭತ್ತ ಕುದಿಸಲು ಶುರು ಮಾಡಿದರೆ ಇಡೀ ಊರಿಗೆ ಆ ವಾಸನೆ. ಅನ್ನದ್ದಲ್ಲ ಅದು, ನೆನೆದ ಹುಲ್ಲಿಗೆ ಬಿಸಿನೀರು ಸುರಿದ ಹಾಗೆ, ಸ್ವಲ್ಪ ಹುಳಿ. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ವಾಕರಿಕೆ ಬರುತ್ತಿತ್ತು. ಆಮೇಲೆ ನಮ್ಮವರ ಅಂಗಿಯಲ್ಲಿ ಆ ವಾಸನೆ ಇಲ್ಲದಿದ್ದರೆ ಇವತ್ತು ಕೆಲಸಕ್ಕೆ ಹೋಗಿಲ್ಲವೇನೋ ಎಂದು ಅನುಮಾನ ಬರುತ್ತಿತ್ತು. ನಮ್ಮವರು ಹೋದ ಆ ವರ್ಷ ನೆನಪಾಯಿತು ಎಂದು ಹೇಳುವುದಿಲ್ಲ. ಮರೆತಿದ್ದರಲ್ಲವೇ ನೆನಪಾಗುವುದು!

ನಮ್ಮವರು ಹನುಮಂತಪ್ಪ, ಮಿಲ್ಲಿನಲ್ಲಿ ಹಮಾಲರು. ಅವರ ಜೋಡಿ ಯಮನೂರಪ್ಪ. ಚೀಲದ ಕೆಲಸ ಒಬ್ಬನಿಂದ ಆಗುವಂಥದ್ದಲ್ಲ. ಇಬ್ಬರು ಎರಡು ಕಡೆಯಿಂದ ಕೊಕ್ಕೆ ಹಾಕಿ ಚೀಲ ಎಳೆದು ಮೂರನೆಯವನ ಬೆನ್ನಿಗೆ ಎತ್ತಿಕೊಡಬೇಕು. ಒಬ್ಬನ ಎಳೆತ ಹಿಂದೆಮುಂದೆ ಆದರೆ ಇನ್ನೊಬ್ಬನ ಸೊಂಟ ಹೋಯಿತೆಂದೇ ಲೆಕ್ಕ. ಇವರಿಬ್ಬರೂ ಎಂಟು ವರ್ಷ ಒಂದೇ ಉಸಿರಿನಲ್ಲಿ ಎಳೆದವರು. ಮಿಲ್ಲಿನ ಹಿಂದಿನ ಸಾಲುಮನೆಗಳಲ್ಲಿ ನಮ್ಮದು ಮೂರನೆಯದು, ಅವರದು ನಾಲ್ಕನೆಯದು. ನಡುವೆ ಒಂದು ನಳ.

ಯಮನೂರಪ್ಪನ ಹೆಂಡತಿ ಹುಲಿಗೆಮ್ಮ. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಮಕ್ಕಳಿಲ್ಲ. ನಾನು ಏನು ಮಾಡಿದರೂ ಮರುದಿನ ಅದು ಅವಳ ಬಾಗಿಲಲ್ಲಿ ಇರುತ್ತಿತ್ತು. ನಾನು ಹಸಿರು ಬಳೆ ಇಟ್ಟರೆ ಅವಳಿಗೂ ಹಸಿರು ಬಳೆ. ನಾನು ಪುಂಡಿಪಲ್ಯಕ್ಕೆ ಕಡಲೆಬೇಳೆ ಹಾಕಿದರೆ ಅವಳೂ ಹಾಕಬೇಕು. ಅದರ ಮೇಲೆ ಎಲ್ಲರೂ ಅವಳದನ್ನೇ ಹೊಗಳುವುದು! "ಹುಲಿಗಿ ಕೈಯಾಗ ರುಚಿ ಐತಿ ನೋಡ್" ಎಂದು ನಮ್ಮವರೇ ಒಮ್ಮೆ ಅಂದಿದ್ದರು. ಎರಡು ದಿನ ನಾನು ಅವರ ಜೊತೆ ಮಾತಾಡಲಿಲ್ಲ.

ಆ ಕೊಕ್ಕೆಯದೂ ಹಾಗೆಯೇ. ಕಬ್ಬಿಣದ ಕೊಕ್ಕೆಗೆ ಮರದ ಹಿಡಿ ಇರುತ್ತದೆ, ಬೆವರಿಗೆ ಜಾರುತ್ತದೆ. ನಮ್ಮವರ ಅಂಗೈ ಬೊಬ್ಬೆ ನೋಡಲಾರದೆ ನಾನು ನನ್ನ ಮದುವೆ ಸೀರೆಯ ಕೆಂಪು ಅಂಚು ಹರಿದು ಹಿಡಿಗೆ ಬಿಗಿಯಾಗಿ ಸುತ್ತಿ, ದಬ್ಬಣದಿಂದ ಹೊಲಿದುಕೊಟ್ಟೆ. ಹಾಗೆ ಆ ಮಿಲ್ಲಿನಲ್ಲಿ ಯಾರೂ ಮಾಡಿರಲಿಲ್ಲ. ವಾರ ಕಳೆದಿರಲಿಲ್ಲ, ಹುಲಿಗೆಮ್ಮ ಬಂದಳು. "ಯಕ್ಕಾ, ನಮ್ಮವರ ಕೈನೂ ಹಂಗ ಆಗೈತಿ. ಸುತ್ತೂದು ಕಲಿಸವ್ವಾ." ಕಲಿಸಿದೆ. ಅವಳೂ ಕೆಂಪು ಬಟ್ಟೆಯನ್ನೇ ಹುಡುಕಿ ತಂದು ಸುತ್ತಿದಳು. ಆಮೇಲೆ ಉಳಿದ ಹಮಾಲರ ಹೆಂಡಂದಿರು ಕಲಿಯಲು ಹೋದದ್ದು ಅವಳ ಹತ್ತಿರ, ನನ್ನ ಬಳಿ ಯಾರೂ ಬರಲಿಲ್ಲ.

ನಮ್ಮ ಮನೆಯಲ್ಲಿ ಹೊಟ್ಟೆಕಿಚ್ಚು ನನ್ನೊಬ್ಬಳ ಆಸ್ತಿಯೂ ಆಗಿರಲಿಲ್ಲ. ಒಂದು ಸುಗ್ಗಿಯಲ್ಲಿ ಯಮನೂರಪ್ಪ ಕಾರಟಗಿ ಕಡೆಯ ಮಿಲ್ಲಿಗೆ ಬೇರೊಬ್ಬನ ಜೋಡಿಯಾಗಿ ಹೋಗುತ್ತೇನೆ ಎಂದ. ನಮ್ಮವರಿಗೆ ಹೆಂಡತಿ ಓಡಿಹೋದಷ್ಟು ಸಂಕಟ. ನಾಲ್ಕು ದಿನ ಸರಿಯಾಗಿ ಉಣ್ಣಲಿಲ್ಲ. ಐದನೆಯ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ, ಚೀಲದ ಅಟ್ಟಿಯ ಹಿಂದೆ, ಇಬ್ಬರಿಗೂ ಬಾಯಿಗೆ ಬಾಯಿ ಹತ್ತಿದೆ. ಕೂಗು ಕೇಳಿ ನಾನು ಓಡುವಷ್ಟರಲ್ಲಿ ನಮ್ಮವರು ನೆಲದ ಮೇಲಿದ್ದರು. ಕುತ್ತಿಗೆಗೆ ಕೊಕ್ಕೆ ತಾಗಿತ್ತು. ಯಮನೂರಪ್ಪ ತನ್ನ ರುಮಾಲನ್ನು ಗಾಯಕ್ಕೆ ಒತ್ತಿ ಹಿಡಿದು "ಹನುಮಾ, ಹನುಮಾ" ಎನ್ನುತ್ತಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲಾ ಮುಗಿದಿತ್ತು.

ಕೊಕ್ಕೆ ಅಲ್ಲೇ ಬಿದ್ದಿತ್ತು. ಅದು ನಮ್ಮವರ ಕೊಕ್ಕೆ. ಹಿಡಿಯ ಸುತ್ತು ನೋಡಿದ ಕ್ಷಣವೇ ನನಗೆ ಗೊತ್ತಾಯಿತು. ಅಂದರೆ ಮೊದಲು ಎತ್ತಿದವರು ನಮ್ಮವರು, ಅವನು ಕಿತ್ತುಕೊಂಡು ಬೀಸಿದ್ದಾನೆ. ಯಮನೂರಪ್ಪ ಪೊಲೀಸರಿಗೆ ಹೇಳಿದ್ದೂ ಅದನ್ನೇ. ಆದರೆ ಹಮಾಲರ ಮೇಸ್ತ್ರಿ, ಜಗಳದ ಮುಂಚೆ ಯಮನೂರಪ್ಪ ಕೊಕ್ಕೆ ಇಡುವ ಶೆಡ್ಡಿಗೆ ಹೋಗಿ ಬಂದದ್ದು ನೋಡಿದೆ ಎಂದ. ಶೆಡ್ಡಿನ ಮೊಳೆಗೆ ಕೆಂಪು ಬಟ್ಟೆ ಸುತ್ತಿದ ಇನ್ನೊಂದು ಕೊಕ್ಕೆ ನೇತಾಡುತ್ತಿತ್ತು. ಅದು ಸತ್ತವನದು, ಇವನು ತನ್ನದನ್ನು ತರಲೆಂದೇ ಹೋಗಿದ್ದ ಎಂದು ಪೊಲೀಸರು ಬರೆದುಕೊಂಡರು. ನನ್ನನ್ನು ಕೇಳಿದರು, ಈ ರಕ್ತದ ಕೊಕ್ಕೆ ಯಾರದು ಅಂತ. "ಯಮನೂರಪ್ಪಂದ್ರಿ" ಎಂದೆ.

ಆ ಸುಳ್ಳಿನ ತೂಕ ಎಷ್ಟೆಂದು ತಿಳಿದದ್ದು ಕೊಪ್ಪಳದ ನ್ಯಾಯಾಲಯದಲ್ಲಿ. ಅಲ್ಲಿಯ ಜವಾನ ಮಹಬೂಬಸಾಬ ಒಳ್ಳೆಯ ಮನುಷ್ಯ, ಬಂದವರಿಗೆ ಕಾನೂನನ್ನು ರೊಟ್ಟಿ ಮುರಿದಂತೆ ಮುರಿದು ಹೇಳುತ್ತಿದ್ದ. "ನೋಡವ್ವಾ, ತನ್ನ ಕೊಕ್ಕಿ ತರಾಕ ಹೋಗಿ, ತಂದು ಹೊಡದಾನ ಅಂದ್ರ ಅದು ಕೊಲಿ. ಜೀವಾವಧಿ. ಎದುರಿನವನ ಕೈಯಾಗಿಂದು ಕಸಗೊಂಡು, ಸಿಟ್ಟಿನ ಭರದಾಗ ಹೊಡದಾನ ಅಂದ್ರ ಅದು ನರಹತ್ಯೆ, ಆದ್ರ ಕೊಲಿ ಅಲ್ಲ. ನಾಕೋ ಆರೋ ವರ್ಷ. ಸತ್ತಾಂವ ಸತ್ತಾಂವನ, ಆದ್ರ ಕಾನೂನಿಗೆ ಎರಡೂ ಬ್ಯಾರೆ." ನಾನು ತಲೆಯಾಡಿಸಿದೆ. ಇಡೀ ಕೇಸು ನನ್ನ ಸೀರೆಯ ಅಂಚಿನ ಮೇಲೆ ನಿಂತಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

ನಮಗಿದ್ದ ಒಬ್ಬಳೇ ಮಗಳನ್ನು ನನ್ನ ತವರಿಗೆ ಕಳಿಸಿದ್ದೆ. ಕೇಸು ಮುಗಿಯುವವರೆಗೆ ನಾನು ಸಾಲುಮನೆಯಲ್ಲೇ ಇದ್ದೆ, ಹುಲಿಗೆಮ್ಮನೂ ಇದ್ದಳು. ನಳಕ್ಕೆ ನಾನು ಬಂದರೆ ಅವಳು ಕೊಡ ಬಿಟ್ಟು ಒಳಗೆ ಹೋಗುತ್ತಿದ್ದಳು. ಕೋರ್ಟಿನ ವಾಯಿದೆಯ ದಿನ ಇಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದೆವು, ಬೇರೆ ದಾರಿಯೇ ಇರಲಿಲ್ಲ. ನಾನು ಮುಂದೆ, ಅವಳು ಹಿಂದಿನ ಸೀಟಿನಲ್ಲಿ. ಹಿಟ್ನಾಳ ದಾಟುವಾಗ ಬಿಸಿಗಾಳಿ ಕಿಟಕಿಯಿಂದ ಬಡಿಯುತ್ತಿತ್ತು. ಅವಳ ಮಡಿಲಲ್ಲಿ ಬುತ್ತಿಯ ಗಂಟು. ಬಿಸಿ ರೊಟ್ಟಿ, ಶೇಂಗಾ ಚಟ್ನಿಯ ವಾಸನೆ ಬಸ್ಸಿನ ತುಂಬ.

ಆ ಬುತ್ತಿ ನನ್ನನ್ನು ಸುಟ್ಟಷ್ಟು ಯಾವುದೂ ಸುಡಲಿಲ್ಲ. ಮಧ್ಯಾಹ್ನ ಕೋರ್ಟು ಬಿಟ್ಟಾಗ ಪೊಲೀಸರ ಕಾಲುಕೈ ಹಿಡಿದು ಅವಳು ಅವನಿಗೆ ಉಣ್ಣಿಸುತ್ತಿದ್ದಳು. ಅವನು ತಲೆ ಎತ್ತದೆ ಉಣ್ಣುತ್ತಿದ್ದ. "ಇನ್ನೊಂದು ತುತ್ತು, ಇನ್ನೊಂದು" ಎಂದು ಅವಳು. ನನಗೆ ಅವನ ಮೇಲೆ ಅಷ್ಟು ಸಿಟ್ಟು ಇರಲಿಲ್ಲ, ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಎಂಟು ವರ್ಷ ನಮ್ಮವರ ಭಾರದಲ್ಲಿ ಅರ್ಧ ಹೊತ್ತವನು ಅವನು. ಅವನ ಕೈ ರಕ್ತ ಒತ್ತಿ ಹಿಡಿದದ್ದನ್ನೂ ನೋಡಿದ್ದೆ. ನನ್ನ ಉರಿ ಇದ್ದದ್ದು ಅವಳ ಮೇಲೆ. ಜೈಲಿನಲ್ಲೋ ಪಾತಾಳದಲ್ಲೋ, ಉಣ್ಣಿಸಲಿಕ್ಕೆ ಅವಳಿಗೊಂದು ಬಾಯಿ ಇತ್ತು. ನನ್ನದನ್ನೆಲ್ಲ ನಕಲು ಮಾಡಿದೆಯಲ್ಲ, ಇದನ್ನೂ ಮಾಡು, ನನ್ನ ಹಾಗೆ ಬರಿಗೈಯಲ್ಲಿ ಬಸ್ಸು ಹತ್ತು ಎಂದು ಒಳಗೊಳಗೇ ಶಪಿಸಿದೆ. ಜೀವಾವಧಿ ಎಂದರೆ ಸಾವಲ್ಲ, ಆದರೆ ಸಾವಿನ ಹತ್ತಿರದ ನೆಂಟ. ಅಷ್ಟಾದರೂ ಆಗಲಿ ಎಂದು ನನಗೆ ಖಂಡಿತ ಬೇಕಿತ್ತು.

ಮಳೆಗಾಲದ ಕೊನೆಗೆ ನನ್ನ ಸಾಕ್ಷಿಯ ದಿನ ಬಂತು. ಮಳೆಯೇನೂ ಇರಲಿಲ್ಲ, ಮೋಡ ಕಟ್ಟಿ ಸೆಕೆ. ಮೈದುನ ನನ್ನ ಜೊತೆ ಬಂದಿದ್ದ. "ವೈನಿ, ಒಂದ ಮಾತು. ಪೊಲೀಸರ ಮುಂದ ಏನ ಹೇಳಿದ್ದಿ, ಅದನ್ನ ಹೇಳು. ಕೊಕ್ಕಿ ಅವಂದು ಅನ್ನು, ಇಳದು ಬಾ" ಎಂದು ದಾರಿಯುದ್ದಕ್ಕೂ ಹೇಳಿದ. ಹೇಳಬೇಕಾಗಿಯೇ ಇರಲಿಲ್ಲ, ನಾನು ಗಟ್ಟಿ ಮಾಡಿಕೊಂಡೇ ಬಂದಿದ್ದೆ.

ಕೋರ್ಟಿನ ಪಡಸಾಲೆಯಲ್ಲಿ ಕುಳಿತಿದ್ದೆವು. ಎರಡು ಮಾರು ಆಚೆ ಹುಲಿಗೆಮ್ಮ, ಅವಳ ತಾಯಿ. ವರ್ಷವಿಡೀ ನನ್ನೆದುರು ಬಾಯಿ ಬಿಡದವಳು ಅವತ್ತು ತಾಯಿಗೆ ಹೇಳುವ ನೆಪದಲ್ಲಿ ಎಲ್ಲರಿಗೂ ಕೇಳಿಸುವಂತೆ ಶುರು ಮಾಡಿದಳು. "ಒಳಗ ಆ ಕೊಕ್ಕಿ ಇಟ್ಟಾರ ನೋಡಬೇ. ಆ ಕೆಂಪು ಬಟ್ಟಿ ಸುತ್ತಿದಾಕಿ ನಾನ. ನನ್ನ ಕೈಸುತ್ತು. ಎಷ್ಟು ರಕ್ತ ಬಿದ್ರೂ ಒಂದೆಳಿ ಸಡ್ಲ ಆಗಿಲ್ಲ. ಅಂಥಾ ಸುತ್ತು ನಮ್ಮ ಸಾಲ್ಮನ್ಯಾಗ ಇನ್ನೊಬ್ರಿಗೆ ಬರಂಗಿಲ್ಲ."

ಎಲಾ ಇವಳ! ನನ್ನ ಮೈ ಕುದಿಯಿತು. ಒಂದು ಮನಸ್ಸು ಹೇಳಿತು: ಹುಚ್ಚಿ ತನ್ನ ಬಾಯಿಂದ ತನ್ನ ಗಂಡನ ಕುತ್ತಿಗೆಗೆ ಹಗ್ಗ ಹಾಕುತ್ತಿದ್ದಾಳೆ, ನಿನಗೇನು, ಸುಮ್ಮನಿರು. ಇನ್ನೊಂದು ಮನಸ್ಸು ಅದನ್ನು ಕೇಳಲೇ ಇಲ್ಲ. ನನ್ನ ಬಳೆ ಹೋಯಿತು, ಕುಂಕುಮ ಹೋಯಿತು, ಗಂಡ ಹೋದರು. ಅವರಿಗಾಗಿ ಈ ಕೈಯಿಂದ ಮಾಡಿದ ಒಂದೇ ಒಂದು ವಸ್ತು ಉಳಿದಿದೆ, ಅದಕ್ಕೂ ಇವಳ ಹೆಸರೇ? ಅಷ್ಟರಲ್ಲಿ ಮಹಬೂಬಸಾಬ ನನ್ನ ಹೆಸರು ಕೂಗಿದ.

ಕಟಕಟೆ ಹತ್ತಿದೆ, ಪ್ರಮಾಣ ಮಾಡಿದೆ. ಸರ್ಕಾರಿ ವಕೀಲರು ಊರು, ಮದುವೆ, ಆ ದಿನದ ಕೂಗು ಎಲ್ಲಾ ಕೇಳಿದರು. ಆಮೇಲೆ ಮೊಹರು ಒಡೆದು ಕೊಕ್ಕೆ ತೋರಿಸಿದರು. ಕೆಂಪು ಅಂಚು ಕಪ್ಪಾಗಿತ್ತು, ರಕ್ತ ಒಣಗಿ ಗಡುಸಾಗಿತ್ತು. "ಇದರ ಹಿಡಿಗೆ ಬಟ್ಟೆ ಸುತ್ತಿದೆಯಲ್ಲ, ಯಾರು ಸುತ್ತಿದ್ದು ಅಂತ ನಿಮಗೆ ಗೊತ್ತೇನಮ್ಮಾ?" ಎಂದು ಕೇಳಿದರು. ಹುಲಿಗೆಮ್ಮ ಅಂತ ಅನ್ನಬೇಕು ನಾನು. ಬಾಯಿ ತೆರೆದು ಹಿಂದಿನ ಬೆಂಚಿನ ಕಡೆ ನೋಡಿದೆ. ಅವಳು ಸೆರಗು ಸರಿಮಾಡಿಕೊಂಡು, ಗದ್ದ ಎತ್ತಿ, ಆ ಬಟ್ಟೆಯನ್ನು ತನ್ನ ಕೂಸಿನಂತೆ ನೋಡುತ್ತಿದ್ದಳು.

"ನಾನ್ರಿ" ಎಂದೆ. "ನಾನ ಸುತ್ತೀನ್ರಿ. ನಮ್ಮವರ ಕೊಕ್ಕಿ ಅದು. ನನ್ನ ಮದುವಿ ಸೀರಿ ಅಂಚು. ಆಕಿದಲ್ರಿ ಅದು, ಆಕಿಗೆ ಹಂಗ ಸುತ್ತಾಕ ಬರಂಗಿಲ್ಲ!"

ವಕೀಲರು ಕನ್ನಡಕ ತೆಗೆದರು. ಮೈದುನ ಎದ್ದು ನಿಂತ, ಪೊಲೀಸರು ಅವನನ್ನು ಕೂರಿಸಿದರು. ನ್ಯಾಯಾಧೀಶರು ಶಾಂತವಾಗಿ ಕೇಳಿದರು, "ಎರಡೂ ಕೆಂಪು ಬಟ್ಟೆ. ನಿಮ್ಮದೇ ಅಂತ ಹೇಗೆ ಹೇಳುತ್ತೀರಿ?" ನಾನು ಎಡಚಿ. ಸಣ್ಣಂದಿನಿಂದ ಅದಕ್ಕೆ ಬೈಸಿಕೊಂಡು ಬೆಳೆದವಳು. ನನ್ನ ಸುತ್ತು ಎಲ್ಲರದಕ್ಕಿಂತ ಉಲ್ಟಾ ತಿರುಗುತ್ತದೆ ಎಂದೆ. ಮಹಬೂಬಸಾಬ ಒಂದು ರೂಲುಕಟ್ಟಿಗೆ, ಕಡತ ಕಟ್ಟುವ ಬಟ್ಟೆಯ ಚೂರು ತಂದುಕೊಟ್ಟ. ಎಲ್ಲರೆದುರು ಸುತ್ತಿ ತೋರಿಸಿದೆ. ಶೆಡ್ಡಿನಲ್ಲಿ ಸಿಕ್ಕಿದ್ದ ಕೊಕ್ಕೆಯನ್ನೂ ತರಿಸಿ ನ್ಯಾಯಾಧೀಶರು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ರಕ್ತದ ಕೊಕ್ಕೆಯ ಸುತ್ತೂ ನನ್ನ ಸುತ್ತೂ ಒಂದೇ ಕಡೆ ತಿರುಗಿದ್ದವು.

ಸರ್ಕಾರಿ ವಕೀಲರು ನಾನು ಪ್ರತಿಕೂಲ ಸಾಕ್ಷಿ ಎಂದು ಹೇಳಿ ಮುಕ್ಕಾಲು ಗಂಟೆ ಜಾಡಿಸಿದರು. ಪೊಲೀಸರಿಗೆ ಯಾಕೆ ಸುಳ್ಳು ಹೇಳಿದೆ, ಯಾರು ಹೆದರಿಸಿದರು, ಯಾರು ಆಸೆ ತೋರಿಸಿದರು. ಉತ್ತರ ನನ್ನ ಹೊಟ್ಟೆಯಲ್ಲಿತ್ತು, ಹೇಳಿದರೆ ನಗುತ್ತಿದ್ದರು. ಕೆಳಗಿಳಿದೆ. ಆಡಿದ ಮಾತು ಒಡೆದ ಮುತ್ತು, ತಿರುಗಿ ಕೂಡಿಸಲು ಬರುತ್ತದೆಯೇ? ಮೈದುನ ನನ್ನನ್ನು ಅಲ್ಲೇ ಬಿಟ್ಟು ಹೋದ. ಇವತ್ತಿಗೂ ಅವರ ಮನೆಯ ಹೊಸ್ತಿಲು ನನಗೆ ಮುಚ್ಚಿದೆ.

ತೀರ್ಪು ಬರುವ ಹೊತ್ತಿಗೆ ಮತ್ತೆ ಸುಗ್ಗಿ. ಕೊಲೆ ಎನ್ನಲು ಬರುವುದಿಲ್ಲ, ಕೊಲೆಯಲ್ಲದ ನರಹತ್ಯೆ ರುಜುವಾತಾಗಿದೆ ಎಂದು ನ್ಯಾಯಾಧೀಶರು ಓದಿದರು. ಶಿಕ್ಷೆಯ ಪ್ರಮಾಣದ ಬಗ್ಗೆ ನಿನಗೆ ಹೇಳುವುದಿದೆಯೇ ಎಂದು ಯಮನೂರಪ್ಪನನ್ನು ಕೇಳಿದರು. ಅವನ ವಕೀಲರು, ಹೆಂಡತಿ ಒಬ್ಬಳೇ ಇದ್ದಾಳೆ ಅನ್ನು ಎಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಅವನು ಅದನ್ನು ಹೇಳಲಿಲ್ಲ. "ಹನುಮಂತ ನನ್ನ ಜೋಡಿ ಆಗಿದ್ದ ಸಾಹೇಬ್ರ. ಹೆಚ್ಚಿಗಿ ಕೊಟ್ರೂ ಬ್ಯಾಡ ಅನ್ನಂಗಿಲ್ಲ" ಎಂದ. ಆರು ವರ್ಷ ಶಿಕ್ಷೆ ಆಯಿತು. ಆಗಲೇ ಒಳಗಿದ್ದ ವರ್ಷ ಅದರಲ್ಲಿ ಕಳೆಯುತ್ತದೆ ಎಂದರು.

ಹುಲಿಗೆಮ್ಮ ಅಳುತ್ತಾ ಬೆರಳು ಮಡಚಿ ಎಣಿಸತೊಡಗಿದಳು. ಒಂದು ಹೋಯಿತು, ಇನ್ನು ಐದು. ಐದು ಸುಗ್ಗಿ ಕಳೆದರೆ ಇವನು ಮನೆಗೆ ಬರುತ್ತಾನೆ. ನನಗೆ ಎಣಿಸಲು ಏನೂ ಇರಲಿಲ್ಲ. ಅವಳು ಪಡಸಾಲೆಯಲ್ಲಿ ಓಡಿಬಂದು ನನ್ನ ಕಾಲಿಗೆ ಬಿದ್ದಳು. ಸುತ್ತ ನಿಂತವರು "ಎಷ್ಟು ದೊಡ್ಡ ಮನಸ್ಸು ಈ ತಾಯಿದು" ಎಂದರು. ಕಾಲು ಕಿತ್ತುಕೊಂಡು ಬಂದೆ. ಅದನ್ನೂ ಜನ ದೊಡ್ಡಗುಣ ಎಂದೇ ತಿಳಿದರು.

ಆ ವಾರವೇ ಸಾಲುಮನೆ ಬಿಟ್ಟೆ. ತವರಿಗೆ ಹೋದೆ, ಅಂಗನವಾಡಿ ಸೇರಿದೆ, ಮಗಳನ್ನು ಓದಿಸಿದೆ. ಗಂಗಾವತಿಗೆ ಕಾಲಿಡಲಿಲ್ಲ. ಕಳೆದ ತಿಂಗಳು ತರಬೇತಿ ಬೇಗ ಮುಗಿಯಿತು, ಬಸ್ಸಿಗೆ ಇನ್ನೂ ಹೊತ್ತಿತ್ತು. ಕಾಲು ಆ ವಾಸನೆಯ ಹಿಂದೆ ನಡೆದು ಮಿಲ್ಲಿನ ಹಿತ್ತಲಿಗೆ ಮುಟ್ಟಿಸಿತು. ನಾಲ್ಕನೆಯ ಮನೆಯ ಮುಂದೆ ಹುಲಿಗೆಮ್ಮ ಅಕ್ಕಿ ಕೇರುತ್ತಿದ್ದಳು. ತಲೆ ನರೆತಿತ್ತು. ನನ್ನನ್ನು ಕಂಡು ಮೊರ ಕೆಳಗಿಟ್ಟು, "ಬಾ ಯಕ್ಕಾ, ಕುಂದ್ರು" ಎಂದಳು, ನಿನ್ನೆ ಹೋಗಿ ಇವತ್ತು ಬಂದವಳಿಗೆ ಅನ್ನುವ ಹಾಗೆ.

ಕಟ್ಟೆಯ ಮೇಲೆ ಕೂತೆ. ಯಮನೂರಪ್ಪ ಸನ್ನಡತೆಯ ಮೇಲೆ ಸ್ವಲ್ಪ ಮೊದಲೇ ಬಿಡುಗಡೆಯಾಗಿ ಬಂದಿದ್ದ. ಹಮಾಲಿಗೆ ಅವನ ಜೋಡಿಯಾಗಲು ಯಾರೂ ಒಪ್ಪುವುದಿಲ್ಲವಂತೆ, ಮಿಲ್ಲಿನ ಅಂಗಳ ಗುಡಿಸುತ್ತಾನಂತೆ. ಒಳಗೇ ಇದ್ದ, ನನ್ನ ದನಿ ಕೇಳಿ ಹೊರಗೆ ಬರಲಿಲ್ಲ. ಅವಳು ಚಹಾ ತಂದಳು. "ನೀ ದೇವರಂಥಾಕಿ ಅಂತ ಊರೆಲ್ಲಾ ಅಂತೈತಿ ಯಕ್ಕಾ" ಎಂದಳು. ನನಗೆ ತಡೆಯಲಾಗಲಿಲ್ಲ. ಇವಳಿಗೊಂದು ಏಟು ಕೊಡಲೇಬೇಕು ಅನಿಸಿತು.

"ದೇವರೂ ಇಲ್ಲ, ದಿಂಡರೂ ಇಲ್ಲ. ನಿನ್ನ ಗಂಡನ್ನ ಉಳಸಾಕ ನಾ ಹೇಳ್ಲಿಲ್ಲ ಹುಲಿಗಿ, ತಿಳ್ಕೋ. ಅವ ಒಳಗ ಕೊಳೀಲಿ ಅಂತನ ಬಂದಿದ್ದೆ. ನೀ ಆ ಬಟ್ಟಿ ನಂದು ಅಂದಿ ನೋಡು, ಹೊಟ್ಟಿಕಿಚ್ಚಿಗೆ ಬಾಯಿ ಬಿಟ್ಟೆ."

ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.

"ಗೊತ್ತೈತಿ. ಅದಕ್ಕ ಅಂದೆ."

"ಏನಂದಿ?"

"ಆ ಕೊಕ್ಕಿ ನಿಮ್ಮವರದು ಅಂತ ನಮ್ಮವರು ಮೊದಲ ದಿನನ ಹೇಳಿದ್ರು. ನಿನ್ನ ಬಾಯಾಗಿಂದ ಬರಲಿಲ್ಲಂದ್ರ ನಂಬೋರು ಯಾರು? ಕೈ ಮುಗದಿದ್ರ ನೀ ಹೇಳ್ತಿದ್ದಿಲ್ಲ. ಕಾಲು ಹಿಡದಿದ್ರ ಒದೀತಿದ್ದಿ. ಎಂಟು ವರ್ಷ ಒಂದ ನಳದಾಗ ನೀರು ತುಂಬೀವಿ ಯಕ್ಕಾ. ನಿಂದು ಅನ್ನೂದನ್ನ ನನ್ನ ಹೆಸರಿಗೆ ಬಿಟ್ಟುಕೊಡಾಕಿ ಅಲ್ಲ ನೀ. ಅಷ್ಟ ನಂಬಿ ಬಾಯಿ ಹಾಕಿದೆ. ನೀ ಒಂದು ವ್ಯಾಳೆ ಸುಮ್ನಿದ್ದಿದ್ರ, ನಾನ ಕೈಯಾರ ಅವರನ್ನ ಕೊಂದಂಗ ಆಗತಿತ್ತು."

ಕಳ್ಳಿ ಎಂದು ಬೈಯಬೇಕು ಅನಿಸಿತು. ನಮ್ಮವರು ಹೋದ ಮೇಲೆ ನನ್ನನ್ನು ಒಳಗಿನಿಂದ ಬಲ್ಲವರು ಈ ಭೂಮಿಯ ಮೇಲೆ ಯಾರೂ ಉಳಿದಿಲ್ಲ ಎಂದು ಇಷ್ಟು ವರ್ಷ ಅತ್ತಿದ್ದೆ. ಒಬ್ಬಳು ಇದ್ದಳು. ಅದೂ ಇವಳು! ನಗು ಬಂತು, ಅದರ ಹಿಂದೆಯೇ ಅಳು ಬಂತು, ಅವಳು ನನ್ನ ಬೆನ್ನಿನ ಮೇಲೆ ಕೈ ಇಟ್ಟಳು. ನಾನು ಆ ಕೈ ಸರಿಸಲಿಲ್ಲ.

ಒಳಗಿನಿಂದ ಅವನು ಕೆಮ್ಮಿದ. ಹುಲಿಗೆಮ್ಮ ನನ್ನ ಬೆನ್ನಿನಿಂದ ಕೈ ತೆಗೆದು, "ಬಂದೆ, ನೀರು ತರ್ತೀನಿ ತಡೀರಿ" ಎನ್ನುತ್ತಾ ಒಳಗೆ ಹೋದಳು. ನಾನು ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದೆ. ಅಂದು ಆ ಬುತ್ತಿ ಕಂಡಾಗಿನಷ್ಟೇ ನನ್ನ ಹೊಟ್ಟೆ ಮತ್ತೆ ಉರಿಯಿತು.